ಕೆಂಪು ಕ್ಯಾಲಿಪರ್, ಕಪ್ಪು ಬ್ರೇಕ್ ಆಯಿಲ್

ಘಾಟಿಯಲ್ಲಿ ಗಾಡಿ ಬಿದ್ದರೆ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಎರಡೇ ಪದ: ಬ್ರೇಕ್ ಫೇಲ್. ಸಂಪಾಜೆ ಘಾಟಿ ಇರಲಿ, ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಇರಲಿ, ಭಾಗಮಂಡಲದಿಂದ ಕರಿಕೆಗೆ ಹೋಗುವ ದಾರಿ ಇರಲಿ. ಡ್ರೈವರ್ ಅದನ್ನೇ ಹೇಳುತ್ತಾನೆ, ಸುತ್ತ ಸೇರಿದವರು ಅದನ್ನೇ ಹೇಳುತ್ತಾರೆ, ಮರುದಿನದ ಪತ್ರಿಕೆಯಲ್ಲೂ ಅದೇ ಬರುತ್ತದೆ. ಸಿಡಿಲು ಬಡಿದ ಹಾಗೆ, ಮರ ಬಿದ್ದ ಹಾಗೆ, ಬ್ರೇಕ್ ಕೂಡ ತನ್ನಷ್ಟಕ್ಕೆ ತಾನೇ ಫೇಲ್ ಆಗುತ್ತದೆ ಎಂಬಂತೆ.

ಆ ಎರಡು ಪದಗಳ ಒಳಗೆ ಏನಿದೆ ಎಂದು ನಾವು ಕಣ್ಣಾರೆ ನೋಡಿದ್ದು ಗೋಣಿಕೊಪ್ಪ ಕಡೆಯ ಒಂದು ಗ್ಯಾರೇಜಿನಲ್ಲಿ. ಹೋಗಿದ್ದು ಬೇರೆ ಕೆಲಸಕ್ಕೆ, ಒಂದು ರೇಸ್ ಕಾರಿನ ಸುದ್ದಿ ಮಾಡಲು.

ಹುತ್ತರಿ ಮುಗಿದು ಗದ್ದೆ ಕೊಯ್ಲು ಆದ ಮೇಲೆ ದಕ್ಷಿಣ ಕೊಡಗಿನಲ್ಲಿ ಆಟೊಕ್ರಾಸ್ ಕಾಲ. ಒಣಗಿದ ಗದ್ದೆಯಲ್ಲಿ ತಿರುವುಗಳ ಟ್ರ್ಯಾಕ್ ಹಾಕಿ, ಗಾಡಿಗಳನ್ನು ಬಿಟ್ಟು ಸೆಕೆಂಡಿನ ಲೆಕ್ಕ ಹಾಕುತ್ತಾರೆ. ಜಿಪ್ಸಿ, ಮಾರುತಿ 800, ಎಸ್ಟೀಮ್, ಪೋಲೊ, ಎಲ್ಲವೂ ಬರುತ್ತವೆ. ಮಹಿಳೆಯರ ವಿಭಾಗಕ್ಕೂ ಜನ ಅಷ್ಟೇ ಸೇರುತ್ತಾರೆ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ಗೆ ಸೇರಿದ ರೋಬಸ್ಟಾ ರ‍್ಯಾಲಿ ಕೂಡ ನಮ್ಮ ಕಾಫಿ ತೋಟಗಳ ಒಳದಾರಿಗಳಲ್ಲೇ ನಡೆದಿದೆ. ಹಾಗಾಗಿ ಇಲ್ಲಿಯ ಹುಡುಗರಿಗೆ ಟರ್ಬೊ, ಸಸ್ಪೆನ್ಷನ್ ಎಂದರೆ ಕ್ರಿಕೆಟ್ ಸ್ಕೋರ್ ಹೇಳಿದಷ್ಟೇ ಸಲೀಸು.

ನಾವು ನೋಡಿದ್ದು ಒಂದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ. ಭಾರತದಲ್ಲಿ ಪೋಲೊ 2010ರಿಂದ 2022ರವರೆಗೆ ಮಾರಾಟವಾಯಿತು. ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಕಾರುಗಳ ಹಾಗೆ ಇದಕ್ಕೂ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪೈಪಿನ ಪಂಜರ ಹಾಕಿದ್ದರು. ಈಗ ಹಿಂದಿನ ಡ್ರಮ್ ತೆಗೆದು ಡಿಸ್ಕ್ ಮತ್ತು ಕ್ಯಾಲಿಪರ್ ಕೂರಿಸುವ ಕೆಲಸ. ಕ್ಯಾಲಿಪರ್ ಸೆಕೆಂಡ್ ಹ್ಯಾಂಡ್, ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದದ್ದು. ಹುಡುಗ ಅದಕ್ಕೆ ಕೆಂಪು ಬಣ್ಣ ಬಳಿದು, ಚಕ್ರದ ಸಂದಿಯಿಂದ ಕಾಣಬೇಕು ಎಂದು ಎರಡು ಕೋಟ್ ಹೊಡೆದಿದ್ದ.

ಇದನ್ನು ರಸ್ತೆ ಕಾರಿಗೆ ಮಾಡುವ ಹಾಗಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಈ ಪೋಲೊ ರಸ್ತೆಯಲ್ಲಿ ಓಡುವುದಿಲ್ಲ, ಗದ್ದೆಗೆ ಲಾರಿ ಮೇಲೆ ಹೋಗುತ್ತದೆ.

ಹಿಂದಿನ ಬ್ರೇಕ್ ಬದಲಿಸುವ ಹಠ ಯಾಕೆ? ಡ್ರಮ್ ಎಂದರೆ ಮುಚ್ಚಿದ ಡಬ್ಬಿ. ಒಳಗಿನ ಲೈನರ್ ಹೊರಕ್ಕೆ ಅಗಲಿ ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತದೆ. ಹುಟ್ಟಿದ ಬಿಸಿ ಒಳಗೇ ಉಳಿಯುತ್ತದೆ, ನುಗ್ಗಿದ ಮಣ್ಣು ನೀರು ಬೇಗ ಹೊರಗೆ ಬರುವುದಿಲ್ಲ. ಡಿಸ್ಕ್ ಎಂದರೆ ಬಯಲಿನಲ್ಲಿ ತಿರುಗುವ ತಟ್ಟೆ. ಕ್ಯಾಲಿಪರ್ ಅದನ್ನು ಎರಡು ಬದಿಯಿಂದ ಇಕ್ಕಳದ ಹಾಗೆ ಹಿಡಿಯುತ್ತದೆ, ಬಿಸಿ ಗಾಳಿಗೆ ಹೋಗುತ್ತದೆ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಜಾಗ್ವಾರ್ ಕಾರುಗಳು ಗೆದ್ದಾಗ ಅವುಗಳಲ್ಲಿ ಇದ್ದದ್ದು ಡಿಸ್ಕ್ ಬ್ರೇಕ್. ಡ್ರಮ್ ಇದ್ದವರು ಬಿಸಿಗೆ ಹೆದರಿ ಮೊದಲೇ ಬ್ರೇಕ್ ಹಿಡಿಯಬೇಕಿತ್ತು, ಇವರು ತಿರುವಿನ ಹತ್ತಿರದವರೆಗೂ ಓಡಿಸಿ ಹಿಡಿದರು.

ಆದರೆ ಗ್ಯಾರೇಜಿನ ಮೇಸ್ತ್ರಿಗೆ ಈ ಕೆಲಸ ಅಷ್ಟೇನೂ ಇಷ್ಟವಿರಲಿಲ್ಲ. ಹುಡುಗ ಮೊದಲು ಇನ್ನೂ ದೊಡ್ಡ ಕ್ಯಾಲಿಪರ್ ನೋಡಿಟ್ಟಿದ್ದನಂತೆ. ಅವರೇ ಬೇಡ ಎಂದು, ಅದೇ ಕಂಪನಿಯ ಬೇರೆ ಕಾರಿನ ಸಣ್ಣದನ್ನು ತರಿಸಿದ್ದರು.

“ಸೈಕಲ್‌ನಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿದ್ರೆ ಎಂತ ಆಗ್ತದೆ?” ಎಂದು ಕೇಳಿದರು.

“ಹಿಂದಿನ ಚಕ್ರ ಏಳ್ತದೆ, ಅಣ್ಣ.”

“ಕಾರಿನಲ್ಲೂ ಅದೇ ಮಾರಾಯ. ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂದೆ ಹೋಗ್ತದೆ, ಹಿಂದೆ ಹಗುರ ಆಗ್ತದೆ. ಹಗುರ ಆದ ಚಕ್ರಕ್ಕೆ ಜೋರು ಬ್ರೇಕ್ ಕೊಟ್ರೆ ಅದು ಮೊದಲು ಲಾಕ್ ಆಗ್ತದೆ. ಆಮೇಲೆ ಹಿಂದಿನದ್ದು ಮುಂದೆ ಬರ್ತದೆ.”

ಕಾರಿನ ಮುಂದಿನ ಬ್ರೇಕು ದೊಡ್ಡದು, ಹಿಂದಿನದು ಸಣ್ಣದು ಇರುವುದು ಕಂಪನಿಯವರ ಜಿಪುಣತನದಿಂದ ಮಾತ್ರ ಅಲ್ಲ ಎಂದು ನಮಗೆ ಅರ್ಥವಾದದ್ದು ಆಗ. ಗದ್ದೆಯಲ್ಲಿ ಹಿಂಬದಿ ಜಾರಿದರೆ ಜನ ಶಿಳ್ಳೆ ಹೊಡೆಯುತ್ತಾರೆ. ಮಳೆಗಾಲದಲ್ಲಿ, ಎಲೆ ಬಿದ್ದ ಘಾಟಿಯ ತಿರುವಿನಲ್ಲಿ ಜಾರಿದರೆ ಕೆಳಗೆ ಕೊಲ್ಲಿ. ಇನ್ನೊಂದು ಮಾತೂ ಹೇಳಿದರು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದಷ್ಟೂ ಅದನ್ನು ತಳ್ಳಲು ಹೆಚ್ಚು ಆಯಿಲ್ ಬೇಕು. ಮೇಲಿನ ಮಾಸ್ಟರ್ ಸಿಲಿಂಡರ್ ಹಳೆಯದೇ ಆದರೆ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ.

ಹಿಂದಿನ ರಾತ್ರಿ ಹುಡುಗ ಮತ್ತು ಅವನ ಇಬ್ಬರು ಗೆಳೆಯರು ಸೇರಿ ಡ್ರಮ್ ಬಿಚ್ಚಿ, ಬ್ರಾಕೆಟ್ ಹಾಕಿ, ಕ್ಯಾಲಿಪರ್ ಕೂರಿಸಿಬಿಟ್ಟಿದ್ದರು. ಹ್ಯಾಂಡ್‌ಬ್ರೇಕ್ ಕೇಬಲ್ ಮಾತ್ರ ಬಾಕಿ. ಉಳಿದದ್ದು ಏರ್ ತೆಗೆಯುವ ಕೆಲಸ. ಪುಸ್ತಕದಲ್ಲಿ ಬ್ಲೀಡಿಂಗ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಏರ್ ತೆಗೆಯುವುದು.

ಇದು ಯಾಕೆ ಬೇಕು ಎಂದು ತಿಳಿಯಲು ಸೈಕಲ್ ಪಂಪ್ ಸಾಕು. ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿ. ಒಳಗೆ ಗಾಳಿ ಇದ್ದರೂ ಹಿಡಿ ಅರ್ಧದವರೆಗೆ ಇಳಿಯುತ್ತದೆ. ಅದೇ ಪಂಪಿನಲ್ಲಿ ನೀರು ತುಂಬಿ ಒತ್ತಿದರೆ ಜಗ್ಗುವುದಿಲ್ಲ. ಬ್ರೇಕ್ ಕೆಲಸ ಮಾಡುವುದು ಹಾಗೆ. ನಮ್ಮ ಪಾದ ಒತ್ತಿದ ಬಲವನ್ನು ಪೈಪಿನಲ್ಲಿರುವ ಆಯಿಲ್ ನಾಲ್ಕು ಚಕ್ರಗಳಿಗೆ ಮುಟ್ಟಿಸುತ್ತದೆ. ನಡುವೆ ಒಂದು ಗುಳ್ಳೆ ಗಾಳಿ ಇದ್ದರೂ ಮೊದಲು ಆ ಗುಳ್ಳೆ ಕುಗ್ಗುತ್ತದೆ, ಆಮೇಲೆ ಬ್ರೇಕ್. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ.

ಮೇಸ್ತ್ರಿ ನಮ್ಮ ಕಡೆ ನೋಡಿ, “ಪೇಪರ್‌ನವರೇ, ಸುಮ್ಮನೆ ನಿಂತು ಎಂತ ಮಾಡ್ತೀರಿ, ಪೆಡಲ್ ಮೇಲೆ ಕೂರಿ” ಎಂದರು. ಹೀಗೆ ಪೆಡಲ್ ಒತ್ತುವ ಕೆಲಸ ನಮ್ಮ ಪಾಲಿಗೆ ಬಂತು.

ಕಾರನ್ನು ಬರೀ ಜಾಕಿಯ ಮೇಲೆ ಬಿಡದೆ ಗಟ್ಟಿ ಸ್ಟ್ಯಾಂಡ್ ಕೊಟ್ಟಿದ್ದರು. ಹ್ಯಾಂಡ್‌ಬ್ರೇಕ್ ಇಲ್ಲದ ಕಾರಣ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು. ಪೆಡಲಿನ ಕೆಳಗೂ ಒಂದು ಮರದ ತುಂಡು ಇಟ್ಟರು. ಹಳೆಯ ಮಾಸ್ಟರ್ ಸಿಲಿಂಡರಿನ ರಬ್ಬರ್ ವರ್ಷಗಟ್ಟಲೆ ಮೇಲಿನ ಭಾಗದಲ್ಲೇ ಓಡಾಡಿರುತ್ತದೆ. ಒಮ್ಮೆಲೇ ತಳದವರೆಗೆ ಒತ್ತಿದರೆ ಕೆಳಗಿನ ತುಕ್ಕಿಗೆ ಉಜ್ಜಿ ಹರಿಯಬಹುದು.

ನಮ್ಮ ದೇಶದಲ್ಲಿ ಸ್ಟಿಯರಿಂಗ್ ಬಲಕ್ಕೆ, ಮಾಸ್ಟರ್ ಸಿಲಿಂಡರ್ ಕೂಡ ಬಲಕ್ಕೆ. ಅದಕ್ಕೆ ತೀರಾ ದೂರದ್ದು ಹಿಂದಿನ ಎಡ ಚಕ್ರ, ಸಾಮಾನ್ಯವಾಗಿ ಅಲ್ಲಿಂದ ಶುರು. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಗಾಡಿಗಳಿಗೆ ಕಂಪನಿಯವರೇ ಬೇರೆ ಕ್ರಮ ಹೇಳಿರುತ್ತಾರೆ, ಆಗ ಅದನ್ನೇ ಮಾಡಬೇಕು. ಕ್ಯಾಲಿಪರಿನ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್, ಅದರ ತುದಿಗೆ ಪಾರದರ್ಶಕ ಪೈಪು, ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು.

ಆಮೇಲೆ ಕೆಳಗಿನಿಂದ ಮೂರೇ ಮಾತು. “ಒತ್ತಿ.” ಒತ್ತಿದೆವು. “ಹಿಡೀರಿ.” ಹಿಡಿದೆವು. ಅವರು ನಿಪ್ಪಲ್ ಸಡಿಲಿಸಿದರು, ಪೆಡಲ್ ಕೆಳಗೆ ಹೋಯಿತು, ಪೈಪಿನಲ್ಲಿ ಗುಳ್ಳೆ ಗುಳ್ಳೆಯಾಗಿ ಆಯಿಲ್ ಬಂತು. ನಿಪ್ಪಲ್ ಬಿಗಿ ಮಾಡಿದ ಮೇಲೆ, “ಬಿಡಿ.” ಈ ಕ್ರಮ ತಪ್ಪಿ, ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಹುಡುಗನ ಕೆಲಸ ಮೇಲಿನ ಡಬ್ಬಿಯಲ್ಲಿ ಆಯಿಲ್ ಮುಗಿಯದಂತೆ ನೋಡುವುದು. ಅದು ಬರಿದಾದರೆ ಎಬಿಎಸ್ ಪಂಪಿನೊಳಗೆ ಗಾಳಿ ಹೋಗುತ್ತದೆ. ಆಗ ಎಷ್ಟೋ ಗಾಡಿಗಳಿಗೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸದೆ ಗಾಳಿ ಬಿಡುವುದಿಲ್ಲ.

ಅರ್ಧ ಗಂಟೆ ಒತ್ತಿದೆವು. ಪೈಪಿನಲ್ಲಿ ಗುಳ್ಳೆ ಬರುವುದು ನಿಂತಿತು, ಹೊಸ ಆಯಿಲ್ ಸ್ವಚ್ಛವಾಗಿ ಬರತೊಡಗಿತು. ಆದರೂ ಪೆಡಲ್ ಮೆತ್ತಗೆ. ಎರಡೂ ಹಿಂದಿನ ಚಕ್ರ ಮತ್ತೆ ಮಾಡಿದೆವು. ಮತ್ತೆ ಮೆತ್ತಗೆ. ಗೆಳೆಯನೊಬ್ಬ ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದ. ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೊ ಹುಡುಕಿದ. ಮೇಸ್ತ್ರಿ ಒಂದು ಟಾರ್ಚ್ ತೆಗೆದುಕೊಂಡು ಕಾರಿನ ಕೆಳಗೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಮಲಗಿದರು. ಆಮೇಲೆ ಅಲ್ಲಿಂದಲೇ ಕೇಳಿದರು:

“ಗಾರೆ ಕೆಲಸದವರ ರಸಮಟ್ಟ ನೋಡಿದ್ದೀಯಾ? ಗುಳ್ಳೆ ಎಲ್ಲಿ ಇರ್ತದೆ?”

“ಮೇಲೆ.”

“ನಿನ್ನ ನಿಪ್ಪಲ್ ಎಲ್ಲಿ ಉಂಟು?”

ನಿಪ್ಪಲ್ ಕ್ಯಾಲಿಪರಿನ ಕೆಳಗಡೆ ಇತ್ತು. ಮಾರಿದವರು ಎಡ ಬಲ ಎಂದು ಅಂಟಿಸಿದ ಚೀಟಿ ಅದಲು ಬದಲಾಗಿತ್ತು. ಹುಡುಗರು ಚೀಟಿ ನಂಬಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದರು. ನೋಡಲು ಎರಡೂ ಒಂದೇ, ಬೋಲ್ಟ್ ಕೂಡ ಸರಿಯಾಗಿ ಕೂರುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಜೋಡಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ನಾವು ಎಷ್ಟು ಒತ್ತಿದರೂ ತಳದಿಂದ ಆಯಿಲ್ ಬರುತ್ತಿತ್ತು, ಗಾಳಿ ಮಾತ್ರ ಮೇಲಿನ ಮೂಲೆಯಲ್ಲಿ ಆರಾಮವಾಗಿ ಕೂತಿತ್ತು.

ಬಿಚ್ಚಿ ಸರಿಯಾದ ಬದಿಗೆ ಹಾಕಲು ಒಂದು ಗಂಟೆ ಹಿಡಿಯಿತು. ಆಯಿಲ್ ಪೈಪ್ ಸೇರುವಲ್ಲಿ ಹಳೆಯ ತಾಮ್ರದ ವಾಷರ್ ಎಸೆದು ಹೊಸದು ಹಾಕಿದರು. ಪಿಸ್ಟನ್ ಒಳಗೆ ತಳ್ಳಬೇಕಾದಾಗ ಹುಡುಗ ಕ್ಲಾಂಪ್ ತಂದ, ಮೇಸ್ತ್ರಿ ಕಿತ್ತುಕೊಂಡರು. ಹ್ಯಾಂಡ್‌ಬ್ರೇಕ್ ಸೇರಿರುವ ಇಂಥ ಹಿಂದಿನ ಕ್ಯಾಲಿಪರಿನಲ್ಲಿ ಪಿಸ್ಟನ್ನನ್ನು ಸ್ಕ್ರೂ ಹಾಗೆ ತಿರುಗಿಸುತ್ತಾ ತಳ್ಳಬೇಕು. ಬರೀ ಬಲ ಹಾಕಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಯಂತ್ರವೇ ಮುರಿಯುತ್ತದೆ. ಕೆಂಪು ಬಣ್ಣದ ಮೇಲೆ ಚೆಲ್ಲಿದ ಆಯಿಲನ್ನು ಕೂಡಲೇ ನೀರು ಹಾಕಿ ತೊಳೆದರು, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಈ ಸಲ ನಿಪ್ಪಲ್ ತೆರೆದ ಕೂಡಲೇ ಪೈಪಿನಲ್ಲಿ ಬುರಬುರ ಎಂದು ದೊಡ್ಡ ಗುಳ್ಳೆ ಬಂತು. ಹದಿನೈದು ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಪಾದದ ಕೆಳಗೆ ಪೆಡಲ್ ಕಲ್ಲಿನ ಹಾಗೆ ನಿಂತಿತು. ನಾಲ್ಕೂ ಚಕ್ರ ಮುಗಿಸಿದ ಮೇಲೆ, ಅರ್ಧ ನಿಮಿಷ ಒತ್ತಿ ಹಿಡಿದು ಪೆಡಲ್ ಇಳಿಯುವುದಿಲ್ಲ ಎಂದು ನೋಡಿದೆವು. ಹುಡುಗರು ಫೋಟೊ ತೆಗೆದರು. ನಮ್ಮ ಸುದ್ದಿಯೂ ಅಲ್ಲಿಗೆ ಮುಗಿಯಬೇಕಿತ್ತು.

ಅಷ್ಟರಲ್ಲಿ ಒಂದು ಪಿಕಪ್ ಬಂದು ನಿಂತಿತು. ಕಾಫಿ ಕೊಯ್ಲಿನ ಸಮಯ, ಬೆಳಗ್ಗೆ ಸಂಜೆ ತೋಟದ ಕಾರ್ಮಿಕರನ್ನು ಕರೆದೊಯ್ಯುವ ಗಾಡಿ. ಸರಕು ಗಾಡಿಯಲ್ಲಿ ಜನ ತುಂಬುವುದು ಕಾನೂನಿಗೆ ವಿರುದ್ಧ, ಆದರೂ ಈ ಕಾಲದಲ್ಲಿ ಅಂಥ ಗಾಡಿ ಕಾಣದ ದಿನವಿಲ್ಲ. ಡ್ರೈವರ್ ಕೇಳಿದ್ದು ಪಂಕ್ಚರ್ ಹಾಕಿದ ಸ್ಟೆಪ್ನಿಯನ್ನು. ಮೇಸ್ತ್ರಿ ಸುಮ್ಮನೆ ಎಂಬಂತೆ ಬ್ರೇಕ್ ಹೇಗಿದೆ ಎಂದರು.

“ಒಂದು ಸಲಕ್ಕೆ ಹಿಡಿಯುವುದಿಲ್ಲ ಅಣ್ಣ. ಎರಡು ಸಲ ಒತ್ತಿದ್ರೆ ಸರಿ ಹಿಡೀತದೆ. ಅಭ್ಯಾಸ ಆಗಿದೆ.”

ಮೇಸ್ತ್ರಿ ಬಾನೆಟ್ ಎತ್ತಿಸಿದರು. ಹೊಸ ಬ್ರೇಕ್ ಆಯಿಲ್ ತೆಳು ಜೇನಿನ ಬಣ್ಣ ಇರುತ್ತದೆ. ಈ ಡಬ್ಬಿಯಲ್ಲಿದ್ದದ್ದು ಹಾಲು ಹಾಕದ ಕಾಫಿ. ಅದೂ ಕನಿಷ್ಠ ಗೆರೆಗಿಂತ ಕೆಳಗೆ. ಹಿಂದಿನ ಡ್ರಮ್ ಬಿಚ್ಚಿದಾಗ ಒಂದು ಬದಿಯಲ್ಲಿ ವೀಲ್ ಸಿಲಿಂಡರಿನ ರಬ್ಬರ್ ಸವೆದು ಆಯಿಲ್ ಜಿನುಗಿ, ಲೈನರ್ ಒದ್ದೆಯಾಗಿತ್ತು. ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಡ್ರೈವರಿಗೆ ನೆನಪಿಲ್ಲ. “ಕಡಿಮೆ ಆದ್ರೆ ಹಾಕ್ತೇವೆ” ಎಂದ.

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಅಥವಾ ಅಡುಗೆ ಎಣ್ಣೆ ನೀರಿನೊಂದಿಗೆ ಸೇರುವುದಿಲ್ಲ. ಇದು ಉಪ್ಪಿನ ಹಾಗೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಉಪ್ಪಿನ ಭರಣಿ ಮಳೆಗಾಲದಲ್ಲಿ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದರೆ ಈ ಅಳತೆ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಕುದಿದರೆ ಆವಿ. ಆವಿ ಎಂದರೆ ಮತ್ತೆ ಅದೇ ಗುಳ್ಳೆ, ಸೈಕಲ್ ಪಂಪಿನ ಗಾಳಿ.

ಈಗ ಘಾಟಿಯ ಲೆಕ್ಕ ನೋಡಿ. ಮಡಿಕೇರಿಯಿಂದ ಸಂಪಾಜೆಗೆ ಇಳಿದರೆ ಸುಮಾರು ಒಂದು ಸಾವಿರ ಮೀಟರ್ ಕೆಳಗೆ ಬರುತ್ತೇವೆ. 1,200 ಕಿಲೊ ತೂಕದ ಕಾರು ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, 35 ಲೀಟರ್ ತಣ್ಣೀರನ್ನು ಕುದಿಸುವಷ್ಟು. 3 ಟನ್ ತೂಗುವ ಪಿಕಪ್ ಆದರೆ 85 ಲೀಟರಿಗೂ ಹೆಚ್ಚು, ಅಂದರೆ ಬಚ್ಚಲುಮನೆಯ ಹಂಡೆ ತುಂಬ. ಅದರಲ್ಲಿ ಎಂಜಿನ್, ಗಾಳಿ, ಟಯರ್ ಒಂದಷ್ಟು ತಿನ್ನುತ್ತವೆ. ಉಳಿದದ್ದೆಲ್ಲ ಬ್ರೇಕಿನ ಬಿಸಿಯಾಗುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿದರೆ ಎಂಜಿನ್ ತಿನ್ನಬೇಕಾದ ಪಾಲೂ ಬ್ರೇಕಿಗೇ.

ಮೇಲಿನಿಂದ ಹೊರಟಾಗ ಬ್ರೇಕ್ ಹಿಡಿಯುತ್ತದೆ, ಅರ್ಧ ದಾರಿಯಲ್ಲೂ ಹಿಡಿಯುತ್ತದೆ, ಕೆಳಗಿನ ಯಾವುದೋ ತಿರುವಿನಲ್ಲಿ ಪೆಡಲ್ ತಳಕ್ಕೆ ಹೋಗುತ್ತದೆ. ಕ್ರೇನ್ ಬಂದು ಗಾಡಿ ಎತ್ತುವಷ್ಟರಲ್ಲಿ ಆಯಿಲ್ ತಣ್ಣಗಾಗಿ, ಆವಿ ಮತ್ತೆ ನೀರಾಗಿ, ಪೆಡಲ್ ಗಟ್ಟಿಯಾಗಿರಬಹುದು. ಆಗ ಡ್ರೈವರ್ ಸುಳ್ಳು ಹೇಳುತ್ತಿದ್ದಾನೆ ಎನ್ನುತ್ತಾರೆ.

ಪಿಕಪ್ ಡ್ರೈವರಿಗೆ ಸಂಜೆ ಐದಕ್ಕೆ ತೋಟದಲ್ಲಿ ಇರಬೇಕಿತ್ತು. ನಾಳೆ ತರುತ್ತೇನೆ ಎಂದು ಹೊರಟ. ಮೇಸ್ತ್ರಿ ಬೈಯಲಿಲ್ಲ. ಹಿಂದೆ ಎಷ್ಟು ಜನ ಕೂರುತ್ತಾರೆ ಎಂದು ಕೇಳಿದರು. ಅವನು ಹನ್ನೆರಡು ಎಂದ. ಮಕ್ಕಳು? ಇಬ್ಬರು ಮೂವರು ಇರುತ್ತಾರೆ ಎಂದ. ಆಮೇಲೆ ಕೀಲಿಯನ್ನು ತಾನೇ ಮೇಜಿನ ಮೇಲಿಟ್ಟು, ತೋಟದ ರೈಟರಿಗೆ ಫೋನ್ ಮಾಡಿ ಬೇರೆ ಗಾಡಿ ಕಳುಹಿಸಲು ಹೇಳಿದ.

ಪೋಲೊಗೆ ಎಂದು ತಂದಿದ್ದ ಡಾಟ್ 4 ಬಾಟಲಿಗಳಲ್ಲಿ ಎರಡು ಸೀಲ್ ಒಡೆಯದೆ ಉಳಿದಿದ್ದವು. ಹುಡುಗ ತಾನಾಗಿಯೇ ತಂದುಕೊಟ್ಟ. ಡಾಟ್ 3 ಇದ್ದ ಗಾಡಿಗೆ ಡಾಟ್ 4 ನಡೆಯುತ್ತದೆ. ಸಿಲಿಕೋನಿನ ಡಾಟ್ 5 ಮಾತ್ರ ಇವುಗಳ ಜೊತೆ ಸೇರಿಸಬಾರದು. ವೀಲ್ ಸಿಲಿಂಡರ್ ಕಿಟ್, ಲೈನರ್ ಪಕ್ಕದ ಅಂಗಡಿಯಿಂದ ಬಂತು. ಕತ್ತಲಾಗುವವರೆಗೂ ನಾವು ಮತ್ತೆ ಪೆಡಲ್ ಮೇಲೆ. ಒತ್ತಿ, ಹಿಡೀರಿ, ಬಿಡಿ. ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ಜೇನಿನ ಬಣ್ಣ. ಕೊನೆಗೆ ಡ್ರೈವರ್ ಕೂತು ಒಂದು ಸಲ ಒತ್ತಿದ. ಎರಡನೇ ಸಲ ಒತ್ತಲು ಹೋದ ಪಾದ ಅಲ್ಲೇ ನಿಂತಿತು.

ಕೆಂಪು ಕ್ಯಾಲಿಪರಿನ ಫೋಟೊ ಪತ್ರಿಕೆಯಲ್ಲಿ ಬಂತು. ಪಿಕಪ್‌ಗೆ ಅಲ್ಲಿ ಜಾಗ ಇರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಿಮ್ಮ ಮನೆಯಲ್ಲಿ ಕಾರು, ಜೀಪು, ಪಿಕಪ್ ಏನಿದ್ದರೂ ಇಷ್ಟು ನೋಡಿ. ಪೆಡಲ್ ಎರಡನೇ ಸಲಕ್ಕೆ ಹಿಡಿಯುತ್ತಿದ್ದರೆ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಆಯಿಲ್ ಕಡಿಮೆಯಾದರೆ ಪ್ಯಾಡ್ ಸವೆದಿರಬೇಕು ಅಥವಾ ಎಲ್ಲೋ ಸೋರುತ್ತಿರಬೇಕು, ಬರೀ ತುಂಬಿಸಿ ಸುಮ್ಮನಾಗಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಬಾಟಲಿಗೆ ಕೆಲವು ನೂರು ರೂಪಾಯಿ ಅಷ್ಟೆ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯದ್ದು ಬೇಡ. ತೆಗೆದ ಹಳೆಯದನ್ನು ತೋಡಿಗೆ ಸುರಿಯಬೇಡಿ.

ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಬೇಡಿ. ಬಂದ್ ಮಾಡಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲ ಇರುವಲ್ಲಿ ನಿಲ್ಲಿಸಿ ತಣಿಯಲು ಬಿಡಿ, ನೀರು ಹೊಯ್ಯಬೇಡಿ. ಪೆಡಲ್ ಹೋಗಿಯೇಬಿಟ್ಟರೆ ಬೇಗ ಬೇಗ ಒತ್ತುತ್ತಾ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆಯಿರಿ, ಗಾಡಿಯನ್ನು ಬರೆಯ ಕಡೆಗೆ ತಾಗಿಸಿ. ಕೊಲ್ಲಿಯ ಕಡೆಗೆ ಬೇಡವೇ ಬೇಡ.

ಮೇಸ್ತ್ರಿ ಕೊನೆಗೆ ಎರಡೂ ಗಾಡಿಗಳ ಡಬ್ಬಿಗೆ ಬಿಳಿ ಟೇಪ್ ಅಂಟಿಸಿ, ಪೆನ್ನಿನಿಂದ ಅಂದಿನ ತಾರೀಕು ಬರೆದರು. ನಿಮ್ಮ ಗಾಡಿಯ ಬಾನೆಟ್ ಎತ್ತಿ ನೋಡಿ. ತಾರೀಕು ಇಲ್ಲದಿದ್ದರೆ, ಮುಂದಿನ ಮಳೆಗೆ ಮೊದಲು ಒಂದು ಬರೆಸಿಕೊಳ್ಳಿ.